ಬಾಮೈದನೂ ಬೆಲ್ಜಿಯಂನ ಸ್ಟ್ರಾಂಗ್ ಬಿಯರೂ

ಬುಧವಾರ, ಟಿಲ್‌ಬರ್ಗ್

ದಾವಣಗೆರೆಯಿಂದ ಬಂದಿಳಿದ ಬಾಮೈದ ನಿದ್ದೆಯೆಲ್ಲ ತೀರಿಸಿಕೊಂಡು ಎದ್ದವನೇ ಕೇಳಿದ್ದು ಒಂದೇ ಪ್ರಶ್ನೆ. "ಭಾವ, ಇಲ್ಲಿ ಸ್ಟ್ರಾಂಗ್ ಸಿಗುತ್ತಾ, ಇಲ್ಲಾ ಎಲ್ಲಾ ನೀರು ನೀರಾ?" ಅವನ ಲೆಕ್ಕ ಸರಳ. ಸಂಜೆ ಕೌಂಟರ್‌ನಲ್ಲಿ ಒಂದು ನಾಕೌಟ್, ಇಲ್ಲಾ ಕಿಂಗ್‌ಫಿಷರ್ ಸ್ಟ್ರಾಂಗ್. ಹಲ್ಲು ಜುಮ್ ಅನ್ನುವಷ್ಟು ಕೋಲ್ಡ್ ಇರಬೇಕು, ಅದು ಬೆಚ್ಚಗಾಗುವ ಮೊದಲೇ ಬಾಟಲಿ ಖಾಲಿಯಾಗಬೇಕು, ಜೊತೆಗೆ ಮಂಡಕ್ಕಿ ಮಿರ್ಚಿ. ರುಚಿ ಹೇಗಿತ್ತು ಅಂತ ಅವನನ್ನು ಯಾರೂ ಕೇಳಿದ್ದಿಲ್ಲ, ಅವನೂ ಆ ಬಗ್ಗೆ ತಲೆ ಕೆಡಿಸಿಕೊಂಡಿದ್ದಿಲ್ಲ. ಕಿಕ್ ಬಂತಾ, ಮುಗೀತು.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಬೆಲ್ಜಿಯಂ ಗಡಿ ಇಲ್ಲೇ ಪಕ್ಕ. ಒಂಬತ್ತು, ಹತ್ತು, ಹನ್ನೊಂದು ಪರ್ಸೆಂಟಿನ ಬಿಯರನ್ನ ಅಜ್ಜ ಅಜ್ಜಿಯರು ಕೂಡ ಒಂದೇ ಒಂದು ಗ್ಲಾಸ್ ಮುಂದಿಟ್ಟುಕೊಂಡು, ಹರಟೆ ಹೊಡೆಯುತ್ತಾ, ಮುಸ್ಸಂಜೆಯಿಡೀ ಕೂತು ಕುಡಿಯುವ ದೇಶ ಅದು. ಇವನನ್ನ ಅಲ್ಲಿಗೆ ಕರೆದುಕೊಂಡು ಹೋಗಲೇಬೇಕು ಅನ್ನಿಸಿತು. ಹೊರಡುವ ಮುಂಚೆ ಒಂದು ಷರತ್ತು ಹಾಕಿದೆ. ಬಾಟಲಿ ಒಂದು, ಗ್ಲಾಸ್ ಎರಡು. ಏನೇ ತಗೊಂಡರೂ ಹಂಚಿಕೊಂಡೇ ಕುಡಿಯೋದು. "ಇಷ್ಟು ದೂರ ಬಂದು ಅರ್ಧ ಬಾಟಲಿನಾ?" ಅಂತ ಮುಖ ಊದಿಸಿಕೊಂಡ.

ಮೊದಲು ಹೋಗಿದ್ದು ಬೆಲ್ಜಿಯಂಗಲ್ಲ, ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯದ ಟಿಲ್‌ಬರ್ಗ್‌ಗೆ. ಸ್ಟೇಷನ್ನಿಂದ ಬಸ್ ಹತ್ತಿದರೆ ಕೋನಿಂಗ್ಸ್‌ಹೂವನ್ ಮಠ. ಲಾ ಟ್ರಾಪ್ ಬಿಯರ್ ತಯಾರಾಗುವುದು ಇದರೊಳಗೇ. "ಮಠದಲ್ಲಿ ಬಿಯರಾ?" ಅಂತ ಬಾಮೈದ ಗೇಟಿನ ಹತ್ತಿರವೇ ನಿಂತುಬಿಟ್ಟ.

ಇವರು ಟ್ರಾಪಿಸ್ಟ್ ಪಂಥದ ಸನ್ಯಾಸಿಗಳು. ಸ್ವಂತ ದುಡಿಮೆಯಲ್ಲೇ ಬದುಕಬೇಕು ಅನ್ನುವುದು ಇವರ ನಿಯಮ. ಕೆಲವು ಮಠಗಳಲ್ಲಿ ಚೀಸ್ ಮಾಡುತ್ತಾರೆ, ಕೆಲವು ಕಡೆ ಬ್ರೆಡ್ಡು, ಕೆಲವು ಕಡೆ ಬಿಯರು. 1881ರಲ್ಲಿ ಫ್ರಾನ್ಸಿನ ಮೊಂ ದೆ ಕಾ ಅನ್ನುವ ಗುಡ್ಡದ ಮಠದಿಂದ ಬಂದವರು ಇಲ್ಲಿ ನೆಲೆ ನಿಂತರು, 1884ರಲ್ಲಿ ಬಿಯರ್ ಶುರು ಮಾಡಿದರು. ಆ ಗುಡ್ಡ ನೆನಪಿಟ್ಟುಕೊಳ್ಳಿ, ಭಾನುವಾರ ಮತ್ತೆ ಬರುತ್ತೆ.

ಬಾಟಲಿ ಮೇಲೆ ಟ್ರಾಪಿಸ್ಟ್ ಮುದ್ರೆ ಬೇಕಾದರೆ ಬಿಯರ್ ಮಠದ ಆವರಣದಲ್ಲೇ ಆಗಬೇಕು, ಸನ್ಯಾಸಿಗಳ ಉಸ್ತುವಾರಿ ಇರಬೇಕು, ಬಂದ ದುಡ್ಡು ಮಠದ ಖರ್ಚಿಗೂ ದಾನಕ್ಕೂ ಹೋಗಬೇಕು. ಇದು ಸುಮ್ನೆ ಹೆಸರಿಗಲ್ಲ. ಗಡಿಯಲ್ಲೇ ಇರುವ ಆಖೆಲ್ ಮಠದಲ್ಲಿ ಕೊನೆಯ ಸನ್ಯಾಸಿಗಳೂ ಹೊರಟುಹೋದ ಮೇಲೆ, 2021ರಲ್ಲಿ, ಅದರ ಬಿಯರಿಗೆ ಈ ಮುದ್ರೆ ತಪ್ಪಿಹೋಯಿತು.

ಮಠದ ಕಫೆಯಲ್ಲಿ ಕ್ವಾಡ್ರುಪೆಲ್ ತಗೊಂಡೆವು. 10 ಪರ್ಸೆಂಟ್. ಈ ಹೆಸರಿನಲ್ಲಿ ಬಿಯರ್ ಮೊದಲು ಬಂದಿದ್ದು ಇಲ್ಲೇ, 1991ರಲ್ಲಿ, ಆಮೇಲೆ ಲೋಕದಲ್ಲೆಲ್ಲ ಗಾಢ ಬಣ್ಣದ, ಸಿಹಿ ಮುಂದಾದ, ಜಾಸ್ತಿ ಆಲ್ಕೋಹಾಲಿನ ಬಿಯರಿಗೆ ಇದೇ ಹೆಸರು ಅಂಟಿಕೊಂಡಿತು. ನನ್ನದಿನ್ನೂ ಮೂಗಿನ ಹತ್ತಿರ ಇತ್ತು, ಅವನದು ಎರಡೇ ಗುಟುಕಿಗೆ ಖಾಲಿ. "ಸಿಹಿ ಇದೆಯಲ್ಲ ಭಾವ, ಇದೇನು ಸ್ಟ್ರಾಂಗು" ಅಂದ. ಕಾಲು ಗಂಟೆ ಕಳೆದ ಮೇಲೆ ಕಿವಿ ಮುಟ್ಟಿ ನೋಡಿಕೊಂಡ. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗುರುವಾರ, ವೆಸ್ಟ್‌ಮಾಲೆ

ಆಂಟ್ವರ್ಪ್ ರೈಲಿನಲ್ಲಿ ಅವನಿಗೆ ಲೆಕ್ಕ ಬಿಡಿಸಿ ತೋರಿಸಿದೆ. ಇಲ್ಲಿನ ಬಾಟಲಿ 330 ಎಂಎಲ್. ಅದರಲ್ಲಿ 10 ಪರ್ಸೆಂಟ್ ಅಂದರೆ 33 ಎಂಎಲ್ ಶುದ್ಧ ಆಲ್ಕೋಹಾಲ್. ನಮ್ಮೂರಿನ ವಿಸ್ಕಿ 42.8 ಪರ್ಸೆಂಟ್, 30 ಎಂಎಲ್ ಪೆಗ್ಗಿನಲ್ಲಿ ಹದಿಮೂರು ಎಂಎಲ್ ಹತ್ತಿರ ಬರುತ್ತೆ. ಅಂದರೆ ಅಂಗೈಯಗಲದ ಈ ಪುಟ್ಟ ಬಾಟಲಿ ಎರಡೂವರೆ ಸ್ಮಾಲ್‌ಗೆ ಸಮ. "ಹಾಗಾದ್ರೆ ನಮ್ಮ ಸ್ಟ್ರಾಂಗು?" ನಮ್ಮ ದೇಶದ ನಿಯಮದಲ್ಲಿ ಬಿಯರ್ 8 ಪರ್ಸೆಂಟ್ ದಾಟುವ ಹಾಗಿಲ್ಲ. ಆದರೆ ಬಾಟಲಿ 650 ಎಂಎಲ್, ಹಾಗಾಗಿ ಒಂದು ಬಾಟಲಿಯಲ್ಲಿ 52 ಎಂಎಲ್ ತನಕ ಒಳಗೆ ಹೋಗುತ್ತೆ. ಅಂದರೆ ಕಿಕ್ ವಿಷಯದಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಅವನಿಗೆ ಇದು ಖುಷಿ ಕೊಟ್ಟಿತು. ನನ್ನ ವಾದ ಬೇರೆ ಇತ್ತು. ಅಷ್ಟೇ ಆಲ್ಕೋಹಾಲಿಗೆ ನಾವು ಹತ್ತು ನಿಮಿಷ ಕೊಡುತ್ತೇವೆ, ಇವರು ಒಂದೂವರೆ ಗಂಟೆ ಕೊಡುತ್ತಾರೆ. ನಮ್ಮ ಸ್ಟ್ರಾಂಗ್ ನಿಧಾನಕ್ಕೆ ಕುಡಿದರೆ ಹಿಡಿಸೋದೇ ಇಲ್ಲ, ಇವರದು ಬೇಗ ಕುಡಿದರೆ ತಿಳಿಯೋದೇ ಇಲ್ಲ.

ಆಂಟ್ವರ್ಪ್‌ನಿಂದ ಟರ್ನ್‌ಹೌಟ್ ಕಡೆಯ ಬಸ್ ಹಿಡಿದರೆ ದಾರಿಯಲ್ಲೇ ವೆಸ್ಟ್‌ಮಾಲೆ ಸಿಗುತ್ತೆ. ಇಲ್ಲಿರುವುದೂ ಟ್ರಾಪಿಸ್ಟ್ ಮಠವೇ, ಆದರೆ ಒಳಗೆ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಎತ್ತರದ ಗೋಡೆ, ಸಾಲು ಮರ, ಅಷ್ಟೇ. ರಸ್ತೆಯಾಚೆ ಕಫೆ ಟ್ರಾಪಿಸ್ಟನ್ ಇದೆ, ಜನ ಸೇರುವುದು ಅಲ್ಲಿ.

ವೆಸ್ಟ್‌ಮಾಲೆಯವರು ಮುಖ್ಯವಾಗಿ ಎರಡು ಬಿಯರಿಗೆ ಹೆಸರುವಾಸಿ. ಕಂದು ಬಣ್ಣದ ಡಬಲ್, 7 ಪರ್ಸೆಂಟ್. ಹೊಂಬಣ್ಣದ ಟ್ರಿಪಲ್, 9.5. ಟ್ರಿಪಲ್ ಬಂದಿದ್ದು 1934ರಲ್ಲಿ, 1956ರಿಂದೀಚೆಗೆ ಅದರ ಪಾಕ ಬಹುತೇಕ ಹಾಗೇ ಇದೆ. ನೋಡೋಕೆ ನಮ್ಮ ಕಿಂಗ್‌ಫಿಷರ್ ಥರದ ಮಾಮೂಲಿ ಲಾಗರ್ ಬಿಯರಿನ ಹಾಗೆ ತಿಳಿ. ಆದರೆ ಒಳಗೆ ಒಂಬತ್ತೂವರೆ. ಇಷ್ಟು ಆಲ್ಕೋಹಾಲಿಗೆ ಬರೀ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಸುರಿದರೆ ಬಿಯರ್ ದಪ್ಪಗಾಗಿ ಗಂಟಲಲ್ಲಿ ಇಳಿಯಲ್ಲ. ಅದಕ್ಕೆ ಇವರು ಕುದಿಯುವಾಗ ಸಕ್ಕರೆ ಸೇರಿಸುತ್ತಾರೆ. ಯೀಸ್ಟ್ ಆ ಸಕ್ಕರೆಯನ್ನ ಒಂದಿಷ್ಟೂ ಉಳಿಸದೆ ತಿಂದು ಆಲ್ಕೋಹಾಲ್ ಮಾಡುತ್ತೆ. ಸಕ್ಕರೆ ಹಾಕಿದ್ದಕ್ಕೆ ಬಿಯರ್ ಸಿಹಿಯಾಗಲ್ಲ, ಉಲ್ಟಾ ಹಗುರ ಆಗುತ್ತೆ. ಆಮೇಲೆ ಬಾಟಲಿಗೆ ತುಂಬುವಾಗ ಇನ್ನೊಂಚೂರು ಸಕ್ಕರೆ, ಯೀಸ್ಟ್ ಹಾಕಿ ಬೆಚ್ಚಗಿನ ಕೋಣೆಯಲ್ಲಿ ವಾರಗಟ್ಟಲೆ ಇಡುತ್ತಾರೆ. ಬಾಟಲಿಯೊಳಗೇ ಮತ್ತೊಮ್ಮೆ ಹುಳಿ ಬರುತ್ತೆ. ತಳದಲ್ಲಿ ಕೂತಿರುವ ಮಡ್ಡಿ ಆ ಯೀಸ್ಟೇ.

ಈ ಕಫೆಯಲ್ಲಿ ಇನ್ನೊಂದು ಪದ್ಧತಿ. ಅರ್ಧ ಡಬಲ್, ಅರ್ಧ ಟ್ರಿಪಲ್ ಬೆರೆಸಿ ಒಂದೇ ಗ್ಲಾಸಿನಲ್ಲಿ ಕೊಡುತ್ತಾರೆ. ಬಾಮೈದನಿಗೆ ಇದು ಭಾರಿ ಹಿಡಿಸಿತು, "ಕಾಕ್‌ಟೇಲ್" ಅಂದ. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎರಡರ ಗುಣವೂ ಮಸುಕಾಗುತ್ತೆ ಅನ್ನಿಸಿತು. ಟ್ರಿಪಲ್‌ನ ಕೊನೆಯಲ್ಲಿ ಒಂದು ಒಣ ಕಹಿ ಬರುತ್ತದಲ್ಲ, ನಾಲಿಗೆಯ ಹಿಂಬದಿಯಲ್ಲಿ, ಅದೇ ಅದರ ಜೀವ. ಡಬಲ್ ಬೆರೆಸಿದರೆ ಅದು ಮುಚ್ಚಿಹೋಗುತ್ತೆ.

ತಿನ್ನೋಕೆ ಮಠದ ಚೀಸು, ಚೌಕ ಚೌಕ ಕತ್ತರಿಸಿ, ಪಕ್ಕದಲ್ಲಿ ಸಾಸಿವೆ ಪೇಸ್ಟು. ಸಾಸಿವೆ ಮೂಗಿಗೇರಿ ಬಾಮೈದನ ಕಣ್ಣಲ್ಲಿ ನೀರು. "ಈಗ ಸರಿಯಾಯ್ತು" ಅಂದ, ದಾವಣಗೆರೆಯವನಿಗೆ ಖಾರ ಸಿಕ್ಕ ಸಮಾಧಾನ. ಅಲ್ಲೇ ಅವನಿಗೆ ಇನ್ನೊಂದು ವಿಷಯ ಹೇಳಿದೆ. ಇಷ್ಟು ಸ್ಟ್ರಾಂಗ್ ಮಾಡುವ ಸನ್ಯಾಸಿಗಳು ತಾವು ಕುಡಿಯುವುದು 4.8 ಪರ್ಸೆಂಟಿನ ಎಕ್ಸ್‌ಟ್ರಾ, ಊಟದ ಜೊತೆ. ಬಹಳ ಕಾಲ ಅದು ಹೊರಗೆ ಮಾರಾಟಕ್ಕೇ ಬರುತ್ತಿರಲಿಲ್ಲ. "ಬುದ್ಧಿವಂತರು" ಅಂದ.

ರಾತ್ರಿ ಆಂಟ್ವರ್ಪ್‌ನಲ್ಲಿ ಡುವೆಲ್. 8.5 ಪರ್ಸೆಂಟ್. ಮೊದಲ ಮಹಾಯುದ್ಧದ ನಂತರ ವಿಕ್ಟರಿ ಏಲ್ ಅಂತ ಹೆಸರಿಟ್ಟಿದ್ದ ಬಿಯರಿದು. 1923ರ ಸುಮಾರಿಗೆ ಯಾರೋ ಒಬ್ಬ ಚಮ್ಮಾರ ಕುಡಿದು ನೋಡಿ ಇದು ಸೈತಾನನೇ ಸರಿ ಅಂದನಂತೆ, ಅದೇ ಹೆಸರಾಯಿತು ಅನ್ನುವ ಕಥೆಯನ್ನ ಕಂಪನಿಯವರೇ ಹೇಳಿಕೊಳ್ಳುತ್ತಾರೆ. ಅದರ ಹೊಟ್ಟೆ ದಪ್ಪಗಿರುವ ಗ್ಲಾಸಿನ ತಳದಲ್ಲಿ ಡಿ ಅಕ್ಷರವನ್ನ ಗೀರಿರುತ್ತಾರೆ. ಗುಳ್ಳೆಗಳು ಅಲ್ಲಿಂದಲೇ ಸರ ಸರ ಎದ್ದು ಮೇಲೇರುತ್ತಾ ಇರುತ್ತವೆ, ನೊರೆ ಇಳಿಯೋಕೇ ಬಿಡಲ್ಲ. ಬಾಮೈದ ಗ್ಲಾಸ್ ಎತ್ತಿ ಕೆಳಗಿನಿಂದ ನೋಡಿದ, ಪಕ್ಕದಿಂದ ನೋಡಿದ, ವಿಡಿಯೋ ಮಾಡಿದ. ಕುಡಿಯೋದು ಮರೆತ. ಪರವಾಗಿಲ್ಲ, ದಾರಿಗೆ ಬರುತ್ತಿದ್ದಾನೆ ಅಂದುಕೊಂಡೆ.

ಶುಕ್ರವಾರ, ಘೆಂಟ್

ಹಗಲೆಲ್ಲ ಊರು ಸುತ್ತಿದೆವು. ಕಾಲುವೆ, ಕೋಟೆ, ಚರ್ಚು, ಫೋಟೋ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಗಡಿಯಾರ ಗೋಪುರದ ತುದಿಯಲ್ಲಿ ಚಿನ್ನದ ಬಣ್ಣದ ಡ್ರ್ಯಾಗನ್ ಕೂತಿದೆ. ಅದರ ಹೆಸರಿನ ಬಿಯರೇ ಗುಲ್ಡನ್ ಡ್ರಾಕ್, 10.5 ಪರ್ಸೆಂಟ್, ಬಿಳಿ ಬಾಟಲಿಯಲ್ಲಿ ಬರುತ್ತೆ. ಒಳಗೆ ಕಡು ಕಂದು. ಮೊದಲ ಗುಟುಕಿಗೇ ಸುಟ್ಟ ಸಕ್ಕರೆಯ ವಾಸನೆ, ಆಮೇಲೆ ಆಲ್ಕೋಹಾಲಿನ ಬಿಸಿ. ಚೆನ್ನಾಗಿದೆ, ಆದರೆ ನನ್ನ ನಾಲಿಗೆಗೆ ಒಂದು ಕೈ ಸಿಹಿ ಜಾಸ್ತಿ.

ಸಂಜೆ ಫ್ರೈಡಾಗ್‌ಮಾರ್ಕ್ಟ್ ಚೌಕದ ಡುಲ್ಲೆ ಗ್ರೀಟ್ ಅನ್ನೋ ಕಫೆಗೆ ಹೋದೆವು. ಇಲ್ಲಿ ಒಂದು ತಮಾಷೆ ಇದೆ. 1.2 ಲೀಟರ್ ಹಿಡಿಯುವ ಉದ್ದ ಗಾಜಿನ ಗ್ಲಾಸು, ತಳ ದುಂಡಗೆ, ನೆಟ್ಟಗೆ ನಿಲ್ಲೋಕೆ ಮರದ ಸ್ಟ್ಯಾಂಡು. ಆ ಗ್ಲಾಸನ್ನ ಜನ ಕದ್ದುಕೊಂಡು ಹೋಗಬಾರದು ಅಂತ ಅಡವಿಗೆ ನಿಮ್ಮ ಒಂದು ಕಾಲಿನ ಶೂ ಕೇಳುತ್ತಾರೆ. ಶೂ ಬುಟ್ಟಿಗೆ ಹೋಗುತ್ತೆ, ಬುಟ್ಟಿಯನ್ನ ಹಗ್ಗದಲ್ಲಿ ಸೂರಿನತ್ತ ಏರಿಸುತ್ತಾರೆ. ಪಕ್ಕದ ಟೇಬಲ್ಲಿನವರು ಒಂದು ಕಾಲಿಗೆ ಸಾಕ್ಸ್ ಮಾತ್ರ ಹಾಕಿಕೊಂಡು ಕೂತಿದ್ದರು. "ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತಗೊಂಡ ಹಾಗಾಯ್ತು. ಆದ್ರೆ ಅಲ್ಲಿ ಎರಡೂ ಚಪ್ಪಲಿ ಬಿಡ್ತೀವಿ" ಅಂದ ಬಾಮೈದ. ಅವನಿಗೆ ಆಸೆ ಇತ್ತು. ಒಂದು ಲೀಟರಿಗೂ ಮೀರಿದ ಸ್ಟ್ರಾಂಗ್ ಬಿಯರ್ ಹಂಚಿಕೊಂಡರೂ ಜಾಸ್ತಿಯೇ, ಬೇಡ ಅಂದೆ. ಇಂಥ ಗ್ಲಾಸು ಫೋಟೋಗೆ ಸರಿ, ಬಿಯರಿಗೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ಬಿಯರ್ ಮುಗಿಯುವಷ್ಟರಲ್ಲಿ ಕೊನೆಯ ಭಾಗ ಸಪ್ಪೆ ಹೊಡೆದಿರುತ್ತೆ.

ಬದಲಿಗೆ ಚಿಕ್ಕ ಗ್ಲಾಸು ಹಿಡಿದು ಕೂತು, ಈ ದೇಶದಲ್ಲಿ ಬಿಯರ್ ಯಾಕೆ ಇಷ್ಟು ಸ್ಟ್ರಾಂಗ್ ಅನ್ನುವ ಮಾತು ತೆಗೆದೆ. ಕಾರಣ ಹಲವು ಇವೆ, ಆದರೆ ಒಂದಂತೂ ಸರ್ಕಾರದ್ದು. 1919ರಲ್ಲಿ ಎಮಿಲ್ ವಾಂಡರ್‌ವೆಲ್ಡೆ ಅನ್ನೋ ಸಮಾಜವಾದಿ ಮಂತ್ರಿ ಒಂದು ಕಾನೂನು ತಂದ. ಕಫೆಗಳಲ್ಲಿ ಜಿನ್ನು, ಬ್ರಾಂದಿ ಥರದ ಗಡುಸು ಮದ್ಯ ಮಾರುವ ಹಾಗಿಲ್ಲ. ಅಂಗಡಿಯಲ್ಲಿ ಕೊಳ್ಳಬೇಕಾದರೂ ಒಂದೇ ಸಲ ಎರಡು ಲೀಟರ್ ಕೊಳ್ಳಬೇಕು, ಕೂಲಿಯವನಿಗೆ ಅಷ್ಟು ದುಡ್ಡು ಒಟ್ಟಿಗೆ ಹೊಂದಿಸೋಕೆ ಆಗಬಾರದು ಅನ್ನುವುದು ಉದ್ದೇಶ. ಕುಡಿಯುವವರು ಬಿಟ್ಟರಾ? ಇಲ್ಲ. ಕಫೆಯಲ್ಲಿ ಮಾರಬಹುದಾದ ಬಿಯರೇ ಗಡುಸಾಗುತ್ತಾ ಹೋಯಿತು. ಆ ಕಾನೂನು 1980ರ ದಶಕದವರೆಗೂ ಇತ್ತು. ಕುಡಿತ ಕಡಿಮೆ ಮಾಡೋಕೆ ಹೊರಟ ಮಂತ್ರಿಯಿಂದ ಜಗತ್ತಿಗೆ ಒಳ್ಳೊಳ್ಳೆ ಬಿಯರ್ ಸಿಕ್ಕಿತು. ಬಾಮೈದ ಆ ಮಂತ್ರಿಯ ಹೆಸರಿಗೆ ಚಿಯರ್ಸ್ ಅಂದ.

ಶನಿವಾರ, ಬ್ರೂಜ್

ವಾರಾಂತ್ಯಕ್ಕೆ ಹೆಂಡತಿ ಐಂಡ್‌ಹೋವನ್‌ನಿಂದ ಕಾರು ತಗೊಂಡು ಬಂದಳು. ಅವಳು ಕುಡಿಯೋದು ಅಪರೂಪ. ಬಂದವಳೇ ತಮ್ಮನ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಪರವಾಗಿಲ್ಲ, ಮನುಷ್ಯನ ಥರ ಇದ್ದೀಯ" ಅಂದಳು.

ಬ್ರೂಜ್‌ನ ಹಳೆ ಊರಿನೊಳಗೆ ಡೆ ಹಾಲ್ವೆ ಮಾನ್ ಅನ್ನೋ ಬಿಯರ್ ಕಾರ್ಖಾನೆ ಇದೆ. 1856ರಿಂದ ಒಂದೇ ಮನೆತನದವರದು. ಬಿಯರ್ ತಯಾರಾಗುವುದು ಇಲ್ಲಿ, ಬಾಟಲಿಗೆ ತುಂಬುವ ಘಟಕ ಊರಾಚೆ. ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳಲ್ಲಿ ಟ್ಯಾಂಕರ್ ಲಾರಿಗಳು ಓಡಾಡೋದು ದೊಡ್ಡ ತಲೆನೋವಾಗಿತ್ತು. ಅದಕ್ಕೆ 2016ರಲ್ಲಿ ಊರಿನ ಅಡಿಯಲ್ಲೇ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಪೈಪ್ ಹಾಕಿದರು. ಬಿಯರ್ ಪೈಪ್! ಖರ್ಚಿಗೆ ಜನರಿಂದಲೂ ದುಡ್ಡು ಎತ್ತಿದರು. ಕೊಟ್ಟವರಿಗೆ ಬಿಯರ್ ರೂಪದಲ್ಲೇ ವಾಪಸ್, ಜಾಸ್ತಿ ಕೊಟ್ಟವರಿಗೆ ಜೀವನಪೂರ್ತಿ ಬಿಯರ್. ಬೀದಿಯಲ್ಲಿ ಒಂದು ಕಡೆ ಗಾಜಿನ ಮುಚ್ಚಳ ಇಟ್ಟು ಆ ಪೈಪ್ ಕಾಣುವ ಹಾಗೆ ಮಾಡಿದ್ದಾರೆ. ಬಾಮೈದ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಜಿಗೆ ಮುಖ ಒತ್ತಿ ನೋಡಿದ. "ನಲ್ಲಿ ಎಲ್ಲಿದೆ?" ಅಂತ ಕೇಳಿದ.

ಇವರ ಸ್ಟ್ರಾಫೆ ಹೆಂಡ್ರಿಕ್ ಟ್ರಿಪಲ್ 9, ಕ್ವಾಡ್ರುಪೆಲ್ 11. ಕಾರು ಹೋಟೆಲಿನಲ್ಲೇ ಇತ್ತು, ರಾತ್ರಿ ಅಲ್ಲೇ ಉಳಿಯೋದು, ಹಾಗಾಗಿ ಹೆಂಡತಿಯೂ ಟ್ರಿಪಲ್‌ನ ಒಂದು ಸಿಪ್ ತಗೊಂಡಳು. ನುಂಗಿ, ಸುಮ್ಮನಿದ್ದು, "ಇದರಲ್ಲಿ ಲವಂಗ ಹಾಕ್ತಾರಾ?" ಅಂದಳು. ನಾವಿಬ್ಬರೂ ಇಷ್ಟು ಹೊತ್ತು ಸುಮ್ನೆ ಕುಡಿಯುತ್ತಿದ್ದೆವು. ಮತ್ತೆ ಮೂಸಿ ನೋಡಿದರೆ ಹೌದು, ಲವಂಗ, ಅದರ ಹಿಂದೆ ಸ್ವಲ್ಪ ಮಾಗಿದ ಬಾಳೆಹಣ್ಣು. ಇಂಥ ಬಿಯರುಗಳಲ್ಲಿ ಲವಂಗದ ವಾಸನೆ ಬರೋಕೆ ಲವಂಗ ಹಾಕಬೇಕಾಗಿಲ್ಲ. ಬೆಲ್ಜಿಯಂನ ಯೀಸ್ಟುಗಳು ಹುಳಿ ಬರಿಸುವಾಗ, ಅದೂ ಸ್ವಲ್ಪ ಬೆಚ್ಚಗಿನ ಶಾಖದಲ್ಲಿ, ಇಂಥ ವಾಸನೆಗಳನ್ನ ತಾವೇ ಹುಟ್ಟಿಸುತ್ತವೆ. ಲಾಗರ್‌ನ ಯೀಸ್ಟೇ ಬೇರೆ, ಅದು ಹುಳಿ ಬರೋದೂ ತಣ್ಣಗೆ, ಅದಕ್ಕೆ ಅದರಲ್ಲಿ ಇವು ಇರಲ್ಲ. ಇದನ್ನೆಲ್ಲ ವಿವರಿಸುತ್ತಾ ನಾನು ಮೇಷ್ಟ್ರಾಗಿದ್ದೆ, ಅಕ್ಕ ತಮ್ಮ ಚಾಕಲೇಟ್ ಅಂಗಡಿ ಕಡೆ ನೋಡುತ್ತಿದ್ದರು.

ರಾತ್ರಿ 'ಟ್ ಬ್ರುಗ್ಸ್ ಬೀರ್ಟ್ಯೆ ಅನ್ನುವ ಚಿಕ್ಕ ಕಫೆ. ಬಿಯರ್ ಪ್ರಿಯರು ಬ್ರೂಜ್‌ಗೆ ಬಂದರೆ ಇಲ್ಲಿಗೆ ಬರದೆ ಹೋಗಲ್ಲ. ಬುಷ್ ತಗೊಂಡೆವು, 12 ಪರ್ಸೆಂಟ್, 1933ರಿಂದ ಮಾಡುತ್ತಿರುವ ಬಿಯರು. ವೈನಿನಷ್ಟು ಸ್ಟ್ರಾಂಗ್. ಬಾಮೈದ ಗ್ಲಾಸನ್ನ ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಾ ಕೂತ. ಯಾಕೋ ಅಂದರೆ, "ತಣ್ಣಗಿದ್ರೆ ವಾಸನೆ ಬರಲ್ಲ ಭಾವ" ಅಂದ. ನಾನು ಹೇಳಿಕೊಟ್ಟಿದ್ದಲ್ಲ ಅದು. ಫ್ರಿಡ್ಜಿನ ಚಳಿಯಲ್ಲಿ ಇಂಥ ಬಿಯರ್ ಮುದುಡಿಕೊಂಡಿರುತ್ತೆ. ಹತ್ತು ಹನ್ನೆರಡು ಡಿಗ್ರಿಗೆ ಬಂದಾಗ ತಾನೇ ಬಾಯಿ ಬಿಡುತ್ತೆ.

ಭಾನುವಾರ, ವಾಟೌ ಮತ್ತು ವೆಸ್ಟ್‌ಫ್ಲೆಟರನ್

ಬೆಳಗ್ಗೆಯೇ ಹೊರಟೆವು. ಡ್ರೈವರ್ ಹೆಂಡತಿ, ಅವಳಿಗೆ ಇವತ್ತು ಕಾಫಿ ಮಾತ್ರ. ಸೆಪ್ಟೆಂಬರ್ ಕೊನೆ. ಪೊಪೆರಿಂಗೆ ಸುತ್ತಮುತ್ತ, ಬಿಯರಿಗೆ ಕಹಿ ಮತ್ತು ಘಮ ಕೊಡುವ ಹಾಪ್ಸ್ ತೋಟಗಳು. ಎತ್ತರದ ಕಂಬ ನೆಟ್ಟು ಮೇಲೆ ತಂತಿ ಎಳೆದಿದ್ದಾರೆ, ಬಳ್ಳಿ ಅದಕ್ಕೆ ಹಬ್ಬುತ್ತೆ. ಕೊಯ್ಲು ಮುಗಿದಿತ್ತು. ಬರೀ ಕಂಬಗಳು, ತಂತಿ, ಅಲ್ಲಲ್ಲಿ ಒಣಗಿದ ಬಳ್ಳಿ ತುಂಡು. ಬಾಮೈದ ಇಳಿದು ಬೇಲಿ ಪಕ್ಕ ಬಿದ್ದಿದ್ದ ಒಂದು ಹಾಪ್ಸ್ ಮೊಗ್ಗನ್ನ ಅಂಗೈಯಲ್ಲಿ ತಿಕ್ಕಿದ. ಹಳದಿ ಪುಡಿ ಅಂಟಿಕೊಂಡಿತು, ಅಂಟು ಅಂಟು, ಘಾಟು. ನಾಲಿಗೆಗೆ ತಾಗಿಸಿ ಉಗಿದ. ಕಾರಿಡೀ ಆ ವಾಸನೆ ಮಧ್ಯಾಹ್ನದವರೆಗೂ ಇತ್ತು.

ಇಲ್ಲಿ ಹತ್ತಿರಹತ್ತಿರದ ಎರಡು ಹಳ್ಳಿಗಳಿಗೆ ಒಂದೇ ಬಿಯರಿನ ಕಥೆ ಇದೆ, ನಾನು ಈ ಪ್ರವಾಸ ಇಟ್ಟುಕೊಂಡಿದ್ದೇ ಇದಕ್ಕೋಸ್ಕರ. ವೆಸ್ಟ್‌ಫ್ಲೆಟರನ್‌ನಲ್ಲಿ ಸೇಂಟ್ ಸಿಕ್ಸ್ಟಸ್ ಮಠ, 1831ರಲ್ಲಿ ಶುರುವಾಗಿದ್ದು. ಶುರು ಮಾಡಿದವರು ಬಂದಿದ್ದು ಎಲ್ಲಿಂದ? ಅದೇ ಮೊಂ ದೆ ಕಾ ಗುಡ್ಡದಿಂದ. ಫ್ರಾನ್ಸಿನಲ್ಲಿ ಮಠಗಳ ಮೇಲೆ ಸರ್ಕಾರ ಕಣ್ಣು ಕೆಂಪಗೆ ಮಾಡಿದಾಗ ಅದೇ ಗುಡ್ಡದ ಇನ್ನೊಂದಿಷ್ಟು ಜನ ಗಡಿ ದಾಟಿ ವಾಟೌಗೆ ಬಂದು ಚೀಸ್ ಮಾಡುತ್ತಿದ್ದರು. ಅವರು ವಾಪಸ್ ಹೋದ ಮೇಲೆ ಚೀಸ್ ಕೆಲಸ ಊರಿನವರ ಕೈಗೆ ಬಂತು. ಎರಡನೇ ಮಹಾಯುದ್ಧ ಮುಗಿದಾಗ ಸಿಕ್ಸ್ಟಸ್ ಮಠದವರಿಗೆ ಬಿಯರ್ ವ್ಯಾಪಾರದ ಗಲಾಟೆ ಸಾಕಾಗಿತ್ತು. ಮಠಕ್ಕೂ ಎದುರಿನ ಕಫೆಗೂ ಬೇಕಾದಷ್ಟು ನಾವು ಮಾಡಿಕೊಳ್ಳುತ್ತೇವೆ, ಹೊರಗೆ ಮಾರುವುದನ್ನ ನೀವು ಮಾಡಿ ಅಂತ 1946ರಲ್ಲಿ ಈ ಚೀಸಿನವರಿಗೆ ಲೈಸೆನ್ಸ್ ಕೊಟ್ಟರು. ಮಠದ ಬಿಯರ್ ಮೇಸ್ತ್ರಿಯೇ ಪಾಕ, ಯೀಸ್ಟು ಹಿಡಿದುಕೊಂಡು ವಾಟೌಗೆ ಬಂದ. 1992ರವರೆಗೂ ಹೀಗೇ ನಡೆಯಿತು. ಟ್ರಾಪಿಸ್ಟ್ ಅಂದರೆ ಮಠದೊಳಗೇ ಆಗಬೇಕು ಅನ್ನುವ ನಿಯಮ ಗಟ್ಟಿಯಾದಾಗ ಲೈಸೆನ್ಸ್ ನಿಂತಿತು. ವಾಟೌನವರು ಹೆಸರು ಬದಲಿಸಿ ಸೇಂಟ್ ಬರ್ನಾರ್ಡಸ್ ಅಂತ ಮುಂದುವರಿಸಿದರು. ಮಠದವರು ಈಗ ವೆಸ್ಟ್‌ಮಾಲೆಯ ಯೀಸ್ಟ್ ತಂದು ಬಳಸುತ್ತಾರೆ. ಅಂದರೆ ಹಳೆಯ ಯೀಸ್ಟಿನ ವಂಶ ಇರೋದು ಮಠದಲ್ಲಲ್ಲ, ವಾಟೌನಲ್ಲಿ. ಅಸಲಿ ಯಾವುದು ಅಂತ ಬಿಯರ್ ಮಂದಿ ಇವತ್ತಿಗೂ ಜಗಳ ಆಡುತ್ತಾರೆ.

ಮೊದಲು ವಾಟೌ. ಕಾರ್ಖಾನೆಯ ಮಾಳಿಗೆ ಮೇಲೆ ಬಾರ್ ಇದೆ, ಸುತ್ತ ಹೊಲಗಳು. ದೂರದಲ್ಲಿ ಒಂದು ದಿಬ್ಬ ಕಾಣುತ್ತೆ, ಅದೇ ಮೊಂ ದೆ ಕಾ. ಬುಧವಾರ ಟಿಲ್‌ಬರ್ಗ್‌ನಲ್ಲಿ ಕುಡಿದದ್ದು, ಇಲ್ಲಿ ಕುಡಿಯುತ್ತಿರುವುದು, ಸಂಜೆ ಕುಡಿಯಲಿರುವುದು, ಮೂರಕ್ಕೂ ಆ ಗುಡ್ಡದ ನಂಟು. ಆಬ್ಟ್ 12 ತಗೊಂಡೆವು, 10 ಪರ್ಸೆಂಟ್. ಗ್ಲಾಸಿಗೆ ಕೆನೆಬಣ್ಣದ ದಪ್ಪ ನೊರೆ. ಒಣದ್ರಾಕ್ಷಿ, ಸ್ವಲ್ಪ ಮಸಾಲೆ ಘಮ, ನುಂಗಿದ ಮೇಲೂ ಬಾಯಲ್ಲಿ ತುಂಬಾ ಹೊತ್ತು ಉಳಿಯೋ ಸಿಹಿ. ಊಟ ಮಾಡಿ, ಊರಿನಲ್ಲಿ ಒಂದು ಸುತ್ತು ನಡೆದು, ಬಾಯಿ ತೊಳೆದ ಮೇಲೆ ಹೊರಟೆವು.

ವೆಸ್ಟ್‌ಫ್ಲೆಟರನ್ ಅಂದರೆ ಅಂಗಡಿಯಲ್ಲಿ ಸಿಗೋ ಬಿಯರಲ್ಲ. ಸನ್ಯಾಸಿಗಳು ಜಾಸ್ತಿ ಮಾಡೋದೇ ಇಲ್ಲ. ತಮ್ಮ ಮಠ ನಡೆಯೋಕೆ ಎಷ್ಟು ಬೇಕೋ ಅಷ್ಟೇ. ಇಂಟರ್‌ನೆಟ್ ರೇಟಿಂಗುಗಳಲ್ಲಿ ಇವರ 12 ಹಲವು ಸಲ ಜಗತ್ತಿಗೇ ನಂಬರ್ ಒನ್ ಆದಾಗಲೂ ಉತ್ಪಾದನೆಯ ಭರಾಟೆಗೆ ಇಳಿಯಲಿಲ್ಲ. ಮೊದಲು ಫೋನ್ ಮಾಡಿ ಬುಕ್ ಮಾಡಬೇಕಿತ್ತು, ಲೈನ್ ಸಿಗುವುದೇ ದೊಡ್ಡ ಪಾಡು. 2019ರಿಂದ ಆನ್‌ಲೈನ್. ಕೊಂಡವರು ಮತ್ತೆ ಮಾರಬಾರದು ಅನ್ನುವುದು ಅವರ ಷರತ್ತು, ಕದ್ದುಮುಚ್ಚಿ ಮಾರುವವರು ಇದ್ದೇ ಇದ್ದಾರೆ ಬಿಡಿ. ಬುಕಿಂಗ್ ರಗಳೆ ಬೇಡ ಅಂದರೆ ಮಠದ ಎದುರಿಗೇ ಇರುವ ಇನ್ ಡೆ ವ್ರೆಡೆ ಕಫೆಗೆ ಬಂದು ಕೂರಬೇಕು. ಹೊರಡುವ ಮೊದಲು ತೆರೆದಿರುವ ದಿನ ನೋಡಿಕೊಳ್ಳಿ, ವಾರದಲ್ಲಿ ಕೆಲವು ದಿನ ಮುಚ್ಚಿರುತ್ತೆ.

ಕಫೆ ಅಂದರೆ ಪುಟ್ಟದು ಅಂದುಕೊಂಡಿದ್ದ ಬಾಮೈದ. ಕಲ್ಯಾಣ ಮಂಟಪದಷ್ಟು ದೊಡ್ಡದಿದೆ. ಸೈಕಲ್ ಸವಾರರ ದಂಡು, ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳು, ಊರುಗೋಲು ಹಿಡಿದ ಮುದುಕರು. ಯಾರೂ ಕೂಗಾಡುತ್ತಿಲ್ಲ. ಯಾರ ಮುಂದೆಯೂ ಖಾಲಿ ಗ್ಲಾಸುಗಳ ಸಾಲಿಲ್ಲ. ಬ್ಲಾಂಡ್ 5.8, ಎಂಟು ನಂಬರಿನದು 8, ಹನ್ನೆರಡು ನಂಬರಿನದು 10.2 ಪರ್ಸೆಂಟ್. ನಂಬರು ಆಲ್ಕೋಹಾಲಿನದಲ್ಲ, ಹುಳಿ ಬರುವ ಮುಂಚೆ ರಸದಲ್ಲಿ ಎಷ್ಟು ಸಕ್ಕರೆ ಕರಗಿತ್ತು ಅಂತ ಅಳೆಯುವ ಹಳೆಯ ಬೆಲ್ಜಿಯನ್ ಲೆಕ್ಕದಿಂದ ಬಂದಿದ್ದು. ಮುಚ್ಚಳದ ಬಣ್ಣದಿಂದಲೇ ಗುರುತು. 12ಕ್ಕೆ ಹಳದಿ.

ಒಂದು ಬಾಟಲಿ, ಎರಡು ಗ್ಲಾಸ್. ಸುರಿಯುವ ಕೆಲಸ ಬಾಮೈದನಿಗೇ ಬಿಟ್ಟೆ. ಗ್ಲಾಸ್ ಓರೆ ಮಾಡಿ ನಿಧಾನಕ್ಕೆ ಇಳಿಸಿದ, ಕೊನೆಗೆ ನೆಟ್ಟಗೆ ಹಿಡಿದು ನೊರೆ ಏರಿಸಿದ, ತಳದ ಮಡ್ಡಿ ಅಲುಗುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ ಬಾಟಲಿಯನ್ನ ಬೆಳಕಿಗೆ ಹಿಡಿದು ನೋಡಿದ. ಬಾಟಲಿಯಲ್ಲಿ ಒಂದು ಬೆರಳಷ್ಟು ಉಳಿಯಿತು. ಬಣ್ಣ ಕಪ್ಪು ಅನ್ನಿಸುತ್ತೆ, ಕಿಟಕಿಗೆ ಎದುರು ಹಿಡಿದರೆ ಕೆಂಪು. ಮೊದಲು ಮೂಗಿಗೆ ಅಂಜೂರ. ಒಣಗಿದ್ದು, ಸ್ವಲ್ಪ ಜಿಗುಟು ಜಿಗುಟಾಗಿರುತ್ತಲ್ಲ, ಅದು. ಬಾಯಿಗೆ ಹಾಕಿಕೊಂಡರೆ ಬೆಲ್ಲ, ಕೋಕೋ, ಸ್ವಲ್ಪ ಬ್ರೆಡ್ಡಿನ ಕರಿಗಟ್ಟಿದ ಅಂಚು. ಹತ್ತು ಪರ್ಸೆಂಟ್ ಎಲ್ಲಿದೆ ಅಂತ ಹುಡುಕಬೇಕು. ನುಂಗಿದ ಮೇಲೆ ಎದೆಯಲ್ಲಿ ಮೆಲ್ಲಗೆ ಬೆಚ್ಚಗಾಗುತ್ತೆ, ಅಷ್ಟೇ. ಕಾಲು ಗಂಟೆ ಬಿಟ್ಟು ಕುಡಿದರೆ ರುಚಿ ಬೇರೆ, ಅಂಜೂರ ಹಿಂದೆ ಸರಿದು ಲವಂಗ ಮುಂದೆ ಬಂದಿತ್ತು. ಅರ್ಧ ಗಂಟೆಗೆ ಮತ್ತೆ ಬೇರೆ. ಬಾಮೈದ ಪ್ರತಿ ಸಿಪ್ಪಿಗೂ ಕಣ್ಣು ಮುಚ್ಚುತ್ತಿದ್ದ. "ಅಕ್ಕ, ನೀನೂ ಮೂಸಿ ನೋಡು" ಅಂತ ಅವಳ ಮೂಗಿನ ಕೆಳಗೆ ಹಿಡಿದ. ಅವಳು ಮೂಸಿ, "ಖರ್ಜೂರದ ಪಾಯಸ" ಅಂದಳು. ಇದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲ್ಲ.

ಮಧ್ಯಾಹ್ನದ್ದು, ಇದು, ಎರಡರಲ್ಲಿ ಯಾವುದು ಮೇಲು? ನನ್ನ ಓಟು 12ಕ್ಕೆ, ಆದರೆ ಕೂದಲೆಳೆಯಷ್ಟು ಅಂತರದಲ್ಲಿ. ಬಾಮೈದನ ಓಟು ಸೇಂಟ್ ಬರ್ನಾರ್ಡಸ್‌ಗೆ, "ಅದು ಅಂಗಡಿಯಲ್ಲಿ ಸಿಗುತ್ತಲ್ಲ" ಅನ್ನುವ ಕಾರಣಕ್ಕೆ. ಅವನ ಮಾತಲ್ಲೂ ಅರ್ಥ ಇದೆ. ನಂಬರ್ ಒನ್ ಅನ್ನುವ ಪಟ್ಟದಲ್ಲಿ ಅರ್ಧ ಪಾಲು ಸಿಗದೆ ಇರುವುದರದ್ದು. ಕಫೆಯ ಅಂಗಡಿಯಲ್ಲಿ ಆ ದಿನ 12ರ ಬಾಟಲಿಗಳ ಪೊಟ್ಟಣ ಇತ್ತು, ಒಂದು ಎತ್ತಿಕೊಂಡೆವು.

ಹೊರಟಾಗ ಕತ್ತಲಾಗುತ್ತಿತ್ತು. ದಾರಿಯಲ್ಲೇ ಈಪರ್ ಊರು. ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿ ಮತ್ತೆ ಕಟ್ಟಿದ ಊರಿದು. ಮೆನಿನ್ ಗೇಟ್ ಅನ್ನುವ ಸ್ಮಾರಕ ದ್ವಾರದಲ್ಲಿ ಪ್ರತಿ ರಾತ್ರಿ ಎಂಟಕ್ಕೆ ಕಹಳೆ ಊದುತ್ತಾರೆ, 1928ರಲ್ಲಿ ಶುರುವಾದ ಪದ್ಧತಿ. ಗೋಡೆ ತುಂಬ ಕೆತ್ತಿರುವ ಹೆಸರುಗಳಲ್ಲಿ ನಮ್ಮ ದೇಶದ ಸೈನಿಕರ ಹೆಸರುಗಳೂ ಇವೆ. 1914ರ ಅಕ್ಟೋಬರ್‌ನಲ್ಲೇ ಭಾರತದಿಂದ ಬಂದ ಪಡೆಗಳನ್ನ ಇಲ್ಲಿ ಕಂದಕಕ್ಕೆ ಇಳಿಸಿದ್ದರು. ಮೈಸೂರಿನ ಕುದುರೆ ದಳ ಹೋಗಿದ್ದು ಹೈಫಾ ಕಡೆಗೆ, ಇಲ್ಲಿಗಲ್ಲ. ಆದರೂ ಬಾಮೈದ ಕನ್ನಡದ ಹೆಸರೇನಾದರೂ ಸಿಗುತ್ತಾ ಅಂತ ಮೊಬೈಲ್ ಟಾರ್ಚ್ ಹಾಕಿ ಹುಡುಕಿದ. ಆಮೇಲೆ ಬ್ರಸೆಲ್ಸ್‌ವರೆಗೂ ಕಾರಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ನಮ್ಮಿಬ್ಬರನ್ನ ಹೋಟೆಲ್ ಬಾಗಿಲಲ್ಲಿ ಇಳಿಸಿ ಹೆಂಡತಿ ಐಂಡ್‌ಹೋವನ್‌ಗೆ ಹೋದಳು, ಬೆಳಗ್ಗೆ ಅವಳಿಗೆ ಆಫೀಸು.

ಸೋಮವಾರ, ಬ್ರಸೆಲ್ಸ್

ಬಾಮೈದನ ವಿಮಾನ ಮಂಗಳವಾರ ಬೆಳಗ್ಗೆ ಇಲ್ಲಿಂದಲೇ. ಹಗಲು ಡೆಲಿರಿಯಂ ಕಫೆ ನೋಡಿದೆವು. 2004ರಲ್ಲಿ 2,004 ಬಗೆಯ ಬಿಯರ್ ಇಟ್ಟು ಗಿನ್ನೆಸ್ ದಾಖಲೆ ಮಾಡಿದ ಜಾಗ, ಗುಲಾಬಿ ಆನೆಯ ಚಿತ್ರ ಇರುವ ಡೆಲಿರಿಯಂ ಟ್ರೆಮೆನ್ಸ್ ಬಿಯರಿನ ಅಡ್ಡಾ. ಅಷ್ಟು ಉದ್ದದ ಪಟ್ಟಿ ನೋಡಿ ಬಾಮೈದ, "ಇದನ್ನ ಓದೋಷ್ಟರಲ್ಲಿ ನನ್ನ ಫ್ಲೈಟ್ ಹೋಗುತ್ತೆ" ಅಂದ.

ಸಂಜೆ ಸದ್ದಿಲ್ಲದ ಒಂದು ಹಳೆ ಕಫೆಯಲ್ಲಿ ರೋಶ್‌ಫೋರ್ 10. ಇದೂ ಮಠದ್ದೇ, ಆರ್ಡೆನ್ ಗುಡ್ಡಗಾಡಿನದು, 11.3 ಪರ್ಸೆಂಟ್. ಅಲ್ಲಿಗೆ ಹೋಗುವಷ್ಟು ದಿನ ಉಳಿದಿರಲಿಲ್ಲ. ಎಲ್ಲ ಕುಡಿದ ಮೇಲೆ ನನ್ನನ್ನ ಒಂದೇ ಒಂದು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ, ವೆಸ್ಟ್‌ಫ್ಲೆಟರನ್ ಭಕ್ತರು ಬೈದರೂ ಪರವಾಗಿಲ್ಲ. ಅಷ್ಟು ಗಾಢವಾಗಿದ್ದೂ ಎಲ್ಲೂ ಭಾರ ಅನ್ನಿಸಲ್ಲ. ಒಂದು ಬಾಟಲಿಗೆ ಇಬ್ಬರೂ ಒಂದೂವರೆ ಗಂಟೆ ಕೂತಿದ್ದೆವು. ಗಡಿಯಾರ ನೋಡಿದವನು ಬಾಮೈದನೇ.

ರಾತ್ರಿ ರೂಮಿನಲ್ಲಿ ಪ್ಯಾಕಿಂಗ್ ಪಂಚಾಯ್ತಿ. ಊರಿಗೆ ಡ್ಯೂಟಿ ಇಲ್ಲದೆ ಎರಡು ಲೀಟರ್ ಮದ್ಯ ಒಯ್ಯಬಹುದು. 330 ಎಂಎಲ್‌ನ ಆರು ಬಾಟಲಿ ಅಂದರೆ 1,980, ಸರಿಯಾಗಿ ಕೂರುತ್ತೆ. ವೆಸ್ಟ್‌ಫ್ಲೆಟರನ್ 12, ಸೇಂಟ್ ಬರ್ನಾರ್ಡಸ್, ರೋಶ್‌ಫೋರ್ 10, ವೆಸ್ಟ್‌ಮಾಲೆ ಟ್ರಿಪಲ್, ಡುವೆಲ್, ಇಷ್ಟಕ್ಕೆ ತಕರಾರಿಲ್ಲ. ಆರನೆಯದಕ್ಕೆ ಜಗಳ. ಅವನಿಗೆ ಆನೆ ಬಾಟಲಿ ಬೇಕು, ಗೆಳೆಯರಿಗೆ ತೋರಿಸೋಕೆ. ನಾನು ಬ್ರೂಜ್‌ನದ್ದು ತಗೊಂಡು ಹೋಗು ಅಂದೆ. ಅಕ್ಕನಿಗೆ ಫೋನ್ ಹೋಯಿತು. "ಲವಂಗದ್ದು ತಗೊಂಡು ಹೋಗೋ. ಅಮ್ಮನಿಗೆ ಕಾಣದ ಹಾಗೆ ಇಡು" ಅಂತ ತೀರ್ಪು ಬಂತು.

ಒಂದೊಂದನ್ನೂ ಸಾಕ್ಸಿನೊಳಗೆ ತೂರಿಸಿ, ಜರ್ಕಿನ್ ಸುತ್ತಿ, ಸೂಟ್‌ಕೇಸಿನ ನಡುವೆ ಇಟ್ಟೆವು. ಹೇಳಬೇಕಾದ್ದೆಲ್ಲ ಹೇಳಿದೆ: ಹೋದ ಕೂಡಲೇ ತೆಗೀಬೇಡ, ಕೆಲವು ದಿನ ನೆಟ್ಟಗೆ ನಿಲ್ಲಿಸಿಡು, ಮಡ್ಡಿ ತಳಕ್ಕೆ ಕೂರಲಿ. ಬಿಸಿಲು ತಾಗಬಾರದು, ಬೇಸಿಗೆಯಲ್ಲಿ ನಮ್ಮೂರ ಸೆಕೆ ಇದಕ್ಕೆ ಆಗಲ್ಲ, ಫ್ರಿಡ್ಜಿನ ಕೆಳಗಿನ ತಟ್ಟೆಯಲ್ಲಿಡು. ಹಳದಿ ಮುಚ್ಚಳದ್ದು ವರ್ಷಗಟ್ಟಲೆ ಇಟ್ಟರೂ ಕೆಡಲ್ಲ, ಇನ್ನೂ ಮಾಗುತ್ತೆ. "ಹಂಗಾದ್ರೆ ಅದನ್ನ ನೀವು ಊರಿಗೆ ಬರೋವರೆಗೂ ಮುಟ್ಟಲ್ಲ ಭಾವ" ಅಂತ ಮಾತು ಕೊಟ್ಟ. ನಾವು ಹೋಗೋದು ಮುಂದಿನ ಯುಗಾದಿಗೆ. ದೀಪಾವಳಿ ದಾಟಲ್ಲ ಅಂತ ನಾನು ಹೆಂಡತಿ ಹತ್ತಿರ ಪಂಥ ಕಟ್ಟಿದ್ದೇನೆ.